ಆರನೇ ಕೋರ್ಟಿಗೆ ಆಟಗಾರ ಬೇಕು: ಅಮೆರಿಕದ ಕಾಲೇಜು ತಂಡಗಳಿಗೆ ವಿದೇಶಿ ಮಕ್ಕಳು ಹೋಗುವ ದಾರಿ

2025ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್‌ಲೆಂಡಿನ ಬೀಲ್ ಪಟ್ಟಣದಲ್ಲಿ ಭಾರತದ ಡೇವಿಸ್ ಕಪ್ ತಂಡ ಆತಿಥೇಯರನ್ನು 3-1ರಿಂದ ಸೋಲಿಸಿತು. ಯುರೋಪಿಗೇ ಹೋಗಿ ಯುರೋಪಿನ ತಂಡವೊಂದನ್ನು ಮಣಿಸಿ 32 ವರ್ಷವಾಗಿತ್ತು. ಅಲ್ಲಿ ಜೆರೋಮ್ ಕಿಮ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದ ಎತ್ತರದ ಹುಡುಗನನ್ನು ಕಂಡು ಇಲ್ಲಿ ಅನೇಕರು "ಇವನ್ಯಾರಪ್ಪಾ?" ಅಂದರು. ಹೆಸರು ದಕ್ಷಿಣೇಶ್ವರ್ ಸುರೇಶ್, ಊರು ಮಧುರೈ, ವಿಶ್ವ ಶ್ರೇಯಾಂಕ 600ರ ಆಚೆ. ಅವರನ್ನು ಇಲ್ಲಿನ ಟೂರ್ನಿಗಳಲ್ಲಿ ನಾವು ಜಾಸ್ತಿ ನೋಡಿರಲಿಲ್ಲ. ಅವರು ಅಮೆರಿಕದಲ್ಲಿ ಕಾಲೇಜು ಓದುತ್ತಿದ್ದರು. ಮೊದಲು ಜಾರ್ಜಿಯಾದ ಒಂದು ಸಣ್ಣ ಕಾಲೇಜು, ಆಮೇಲೆ ನಾರ್ತ್ ಕೆರೊಲಿನಾದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯ. ಅದೇ ವರ್ಷದ ಮೇ ತಿಂಗಳಲ್ಲಿ ವೇಕ್ ಫಾರೆಸ್ಟ್ ಅಮೆರಿಕದ ಕಾಲೇಜು ಟೆನಿಸ್ ಚಾಂಪಿಯನ್ ಆಗಿತ್ತು.

ಇಂಥ ಸುದ್ದಿ ಬಂದಾಗಲೆಲ್ಲ ಬೆಂಗಳೂರಿನ ಟೆನಿಸ್ ಅಕಾಡೆಮಿಗಳಲ್ಲಿ, ಈಜುಕೊಳದ ಪಕ್ಕದ ಕಲ್ಲುಬೆಂಚುಗಳಲ್ಲಿ ಕೂತ ಅಪ್ಪ ಅಮ್ಮಂದಿರಿಗೆ ಒಂದೇ ಪ್ರಶ್ನೆ: "ನಮ್ಮ ಮಗಳಿಗೂ ಸ್ಕಾಲರ್‌ಶಿಪ್ ಸಿಗಬಹುದಾ?" ಸಿಗಬಹುದು. ಆದರೆ ಮಗಳು ಎಷ್ಟು ಚೆನ್ನಾಗಿ ಆಡುತ್ತಾಳೆ ಅನ್ನೋದು ಅರ್ಧ ಕತೆ ಅಷ್ಟೆ. ಉಳಿದರ್ಧ ಆ ಕಾಲೇಜಿನ ಲೆಕ್ಕಪುಸ್ತಕದಲ್ಲಿದೆ. ಯಾವ ಆಟಕ್ಕೆ ಎಷ್ಟು ದುಡ್ಡು ಇಟ್ಟಿದ್ದಾರೆ? ಮುಂದಿನ ಮೇನಲ್ಲಿ ಯಾರು ಪದವಿ ಮುಗಿಸಿ ಹೊರಡುತ್ತಾರೆ? ಕೋಚ್‌ಗೆ ಯಾವ ಜಾಗ ಖಾಲಿ ಬೀಳುತ್ತದೆ? ವಿದೇಶಿ ಮಕ್ಕಳು ಒಳಗೆ ಹೋಗೋದು ಇಂಥ ಖಾಲಿ ಜಾಗಗಳಿಂದಲೇ. ಅದು ಅರ್ಥವಾಗದೆ ಎಷ್ಟೇ ವಿಡಿಯೋ ಮಾಡಿಸಿ ಕಳಿಸಿದರೂ ದುಡ್ಡು ದಂಡ.

ಮೊದಲು ಈ ವ್ಯವಸ್ಥೆ ಎಷ್ಟು ದೊಡ್ಡದು ನೋಡೋಣ. ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಮುಖ್ಯ ಸಂಸ್ಥೆ ಎನ್‌ಸಿಎಎ. 1906ರಲ್ಲಿ ಹುಟ್ಟಿದ್ದು. ಅದರ ಕೆಳಗೆ ಸುಮಾರು 1,100 ಕಾಲೇಜುಗಳು, 5 ಲಕ್ಷಕ್ಕೂ ಹೆಚ್ಚು ಆಟಗಾರರು. ಕಾಲೇಜುಗಳನ್ನು ಮೂರು ಡಿವಿಷನ್ ಆಗಿ ವಿಂಗಡಿಸಿದ್ದಾರೆ. ಮೊದಲ ಎರಡರಲ್ಲಿ ಆಟಕ್ಕೆಂದೇ ಸ್ಕಾಲರ್‌ಶಿಪ್ ಇದೆ, ಮೂರನೆಯದರಲ್ಲಿ ಇಲ್ಲ. ಇದರ ಹೊರಗೆ ಸಣ್ಣ ಕಾಲೇಜುಗಳ ಎನ್‌ಎಐಎ ಇದೆ, ಎರಡು ವರ್ಷದ ಕಾಲೇಜುಗಳ ಎನ್‌ಜೆಸಿಎಎ ಇದೆ. ನಮ್ಮವರು ಈ ಎರಡನ್ನು ಕಡೆಗಣಿಸುವುದೇ ಜಾಸ್ತಿ. ದಕ್ಷಿಣೇಶ್ವರ್ ಶುರು ಮಾಡಿದ ಜಾರ್ಜಿಯಾ ಗ್ವಿನೆಟ್ ಕಾಲೇಜು ಎನ್‌ಎಐಎಗೆ ಸೇರಿದ್ದು. ಅಲ್ಲಿ ಆಡಿ ತೋರಿಸಿ ಮೇಲಕ್ಕೆ ಹೋದರು.

ಎನ್‌ಸಿಎಎ ಒಂದರಲ್ಲೇ 25,000ಕ್ಕೂ ಹೆಚ್ಚು ವಿದೇಶಿ ಆಟಗಾರರಿದ್ದಾರೆ. ಆದರೆ ಎಲ್ಲ ಆಟಗಳಲ್ಲೂ ಸಮನಾಗಿ ಇಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ, ಬೇಸ್‌ಬಾಲ್‌ನಲ್ಲಿ ಹುಡುಕಿದರೂ ಕಡಿಮೆ. ಡಿವಿಷನ್ ಒಂದರ ಟೆನಿಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರದೇಶದವರು.

ಟೆನಿಸ್‌ನಲ್ಲೇ ಯಾಕೆ? ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಇಡೀ ವ್ಯವಸ್ಥೆಯ ಒಳಗುಟ್ಟು ಇಲ್ಲೇ ಇದೆ.

ಅಮೆರಿಕದ ಕಾಲೇಜು ಟೆನಿಸ್ ತಂಡದ ಆಟ. ಮೊದಲು ಮೂರು ಡಬಲ್ಸ್ ನಡೆಯುತ್ತವೆ. ಮೂರರಲ್ಲಿ ಎರಡು ಗೆದ್ದ ತಂಡಕ್ಕೆ ಒಂದು ಅಂಕ. ಆಮೇಲೆ ಆರು ಸಿಂಗಲ್ಸ್, ಒಂದೊಂದಕ್ಕೂ ಒಂದು ಅಂಕ. ಒಟ್ಟು ಏಳು, ನಾಲ್ಕು ಗೆದ್ದವರು ಗೆದ್ದಂತೆ. ತಂಡದ ಒಂದನೇ ನಂಬರ್ ಆಟಗಾರ ಗೆದ್ದರೂ ಒಂದೇ ಅಂಕ, ಆರನೇ ಕೋರ್ಟಿನಲ್ಲಿ ಯಾರೂ ನೋಡದ ಹುಡುಗ ಗೆದ್ದರೂ ಒಂದೇ ಅಂಕ. ಹಾಗಾಗಿ ಒಬ್ಬ ಸ್ಟಾರ್ ಇದ್ದರೆ ಕೋಚ್‌ಗೆ ಸಾಲದು. ಗಟ್ಟಿಯಾಗಿ ಆಡುವ ಆರು ಜನ ಬೇಕು. ಕೋಚ್‌ನ ಕೆಲಸ ಉಳಿಯೋದೂ ಹೋಗೋದೂ ಈ ಗೆಲುವುಗಳ ಮೇಲೆ. ಹದಿನೆಂಟು ತುಂಬಿದ, ಇನ್ನೂ ಪಳಗಬೇಕಾದ ಅಮೆರಿಕದ ಹುಡುಗನನ್ನು ತಗೊಂಡು ಎರಡು ವರ್ಷ ತಯಾರು ಮಾಡುವ ತಾಳ್ಮೆ ಎಷ್ಟು ಜನಕ್ಕಿದೆ? ಸ್ಪೇನಿನಿಂದಲೋ ಬ್ರೆಜಿಲಿನಿಂದಲೋ ಹತ್ತೊಂಬತ್ತರ, ದೊಡ್ಡವರ ಟೂರ್ನಿಗಳಲ್ಲಿ ಪೆಟ್ಟು ತಿಂದು ಬಂದ ಹುಡುಗ ಸಿಕ್ಕರೆ ಈ ವರ್ಷವೇ ಕೋರ್ಟಿಗೆ ಇಳಿಸಬಹುದಲ್ಲ.

ಇನ್ನು ದುಡ್ಡಿನ ಲೆಕ್ಕ. 2025ರವರೆಗೆ ಡಿವಿಷನ್ ಒಂದರ ಪುರುಷರ ಟೆನಿಸ್ ತಂಡಕ್ಕೆ ಹೆಚ್ಚೆಂದರೆ 4.5 ಪೂರ್ಣ ಸ್ಕಾಲರ್‌ಶಿಪ್‌ಗಳ ಮಿತಿ ಇತ್ತು. ಅದನ್ನು ಎಂಟು ಹತ್ತು ಜನರಿಗೆ ಹಂಚಬೇಕು. ಮಹಿಳೆಯರ ತಂಡಕ್ಕೆ 8. ಅದೇ ಅಮೆರಿಕನ್ ಫುಟ್‌ಬಾಲ್ ತಂಡವೊಂದಕ್ಕೆ 85! ಈ ಅಂತರದ ಹಿಂದೆ 1972ರ 'ಟೈಟಲ್ ನೈನ್' ಕಾನೂನು ಇದೆ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡು ಭೇದ ಮಾಡಬಾರದು ಅನ್ನುತ್ತದೆ ಅದು. ಕಾಲೇಜುಗಳು ಫುಟ್‌ಬಾಲ್ ಬಿಡಲು ತಯಾರಿಲ್ಲ, ಅದು ದುಡ್ಡಿನ ಗಣಿ. ಆದರೆ ಹೆಂಗಸರಿಗೆ ಫುಟ್‌ಬಾಲ್ ಇಲ್ಲ. ಲೆಕ್ಕ ಸರಿದೂಗಿಸಲು ಬೇರೆ ಆಟಗಳಲ್ಲಿ ಹುಡುಗಿಯರಿಗೆ ಜಾಸ್ತಿ ಸೀಟು ಕೊಟ್ಟರು. ಹಾಗೆ ಬೆಳೆದದ್ದು ಮಹಿಳೆಯರ ರೋಯಿಂಗ್, 20 ಸ್ಕಾಲರ್‌ಶಿಪ್. ಗಂಡಸರ ರೋಯಿಂಗ್ ಎನ್‌ಸಿಎಎ ಆಟವೇ ಅಲ್ಲ. ಅಷ್ಟು ದೋಣಿ ತುಂಬಿಸಲು ಅಮೆರಿಕದ ಹೈಸ್ಕೂಲುಗಳಿಂದ ಹುಡುಗಿಯರು ಸಾಲದೆ ಬ್ರಿಟನ್, ಜರ್ಮನಿ, ನ್ಯೂಜಿಲೆಂಡಿನವರನ್ನು ಕರೆದರು. ಆ ಹುಡುಗಿಯರ ಅದೃಷ್ಟ ಬರೆದದ್ದು ಒಂದು ರೀತಿಯಲ್ಲಿ ಅವರು ಎಂದೂ ಆಡದ ಫುಟ್‌ಬಾಲ್.

ಖಾಲಿ ಜಾಗ ಹುಡುಕುವ ಕೆಲಸವನ್ನು ಆಸ್ಟ್ರೇಲಿಯದವರಷ್ಟು ಜಾಣತನದಿಂದ ಯಾರೂ ಮಾಡಿಲ್ಲ ಅನ್ನೋದು ನನ್ನ ಅಭಿಪ್ರಾಯ. ಫುಟ್‌ಬಾಲ್‌ನಲ್ಲಿ ವಿದೇಶಿಯರಿಗೆ ಜಾಗವೇ ಇಲ್ಲ ಅಂತಿದ್ದರು. ಆದರೆ ಪ್ರತಿ ತಂಡಕ್ಕೂ ಚೆಂಡನ್ನು ಕೈಯಿಂದ ಬಿಟ್ಟು ದೂರಕ್ಕೆ ಒದೆಯುವ ಒಬ್ಬ 'ಪಂಟರ್' ಬೇಕು. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಡುವ ಹುಡುಗರು ಚಿಕ್ಕಂದಿನಿಂದ ಮಾಡೋದೇ ಅದನ್ನು, ಅದೂ ಓಡುತ್ತಾ. ಮೆಲ್ಬರ್ನ್‌ನ ನೇಥನ್ ಚಾಪ್‌ಮನ್ 2007ರಲ್ಲಿ ಪ್ರೋಕಿಕ್ ಆಸ್ಟ್ರೇಲಿಯ ಅಂತ ತರಬೇತಿ ಕೇಂದ್ರ ತೆರೆದು, ಇದೊಂದೇ ಕೌಶಲಕ್ಕೆ ಹುಡುಗರನ್ನು ತಯಾರು ಮಾಡಿ ಅಮೆರಿಕಕ್ಕೆ ಕಳಿಸತೊಡಗಿದರು. ಅಲ್ಲಿನ ಅತ್ಯುತ್ತಮ ಕಾಲೇಜು ಪಂಟರ್‌ಗೆ ಕೊಡುವ ರೇ ಗೈ ಪ್ರಶಸ್ತಿ 2013ರಿಂದ 2017ರವರೆಗೆ ಐದೂ ವರ್ಷ ಆಸ್ಟ್ರೇಲಿಯನ್ನರ ಪಾಲಾಯಿತು.

ಕೋಚ್‌ಗಳು ಹುಡುಕೋದು ಹೇಗೆ? ದೇಶ ದೇಶ ಸುತ್ತಿ ಪ್ರತಿಭೆ ಕಂಡುಹಿಡಿಯುವ ಚಿತ್ರ ಸುಮ್ನೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ದೊಡ್ಡ ಬ್ಯಾಸ್ಕೆಟ್‌ಬಾಲ್ ತಂಡಗಳು ಹಾಗೆ ಮಾಡುತ್ತವೆ. ಉಳಿದ ಕೋಚ್‌ಗಳು ಹೆಚ್ಚಾಗಿ ಮೇಜಿನ ಮುಂದೆ ಕೂತು ಅಂಕಿ ನೋಡುತ್ತಾರೆ. ಟೆನಿಸ್‌ನಲ್ಲಿ ಆ ಅಂಕಿ ಯುಟಿಆರ್, ಯೂನಿವರ್ಸಲ್ ಟೆನಿಸ್ ರೇಟಿಂಗ್. ಒಂದರಿಂದ 16.5ರವರೆಗಿನ ಒಂದೇ ಅಳತೆಗೋಲು, ಗಂಡು ಹೆಣ್ಣು, ಬೆಂಗಳೂರು ಬೆಲ್‌ಗ್ರೇಡ್ ಎಲ್ಲರಿಗೂ ಒಂದೇ. ರಾಜ್ಯ ರ್‍ಯಾಂಕಿಂಗ್‌ನಲ್ಲಿ ಮೊದಲನೆಯವನು ಅಂತ ಬರೆದರೆ ಅಲ್ಲಿನ ಕೋಚ್‌ಗೆ ಏನೂ ತಿಳಿಯದು. ಯುಟಿಆರ್ ಬರೆದರೆ ತನ್ನ ತಂಡದ ಎಷ್ಟನೇ ಕೋರ್ಟಿಗೆ ಈ ಹುಡುಗ ಅನ್ನೋದು ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಕೋಚ್‌ಗೆ ಹೋಗುವ ಇಮೇಲ್‌ನಲ್ಲಿ ಕೆಲಸಕ್ಕೆ ಬರುವುದು ನಾಲ್ಕೇ ಸಾಲು: ಯಾವ ವರ್ಷದ ಆಗಸ್ಟಿನಲ್ಲಿ ಸೇರಬಹುದು, ರೇಟಿಂಗ್ ಎಷ್ಟು, ಮಾರ್ಕ್ಸ್ ಎಷ್ಟು, ಕತ್ತರಿಸದೆ ತೆಗೆದ ಪಂದ್ಯದ ವಿಡಿಯೋ ಎಲ್ಲಿದೆ. ಹಿನ್ನೆಲೆ ಸಂಗೀತ ಹಾಕಿದ, ಬರೀ ಗೆದ್ದ ಪಾಯಿಂಟುಗಳ ವಿಡಿಯೋಕ್ಕೆ ಇಲ್ಲಿ ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ. ಆದರೆ ಸೋತ ಪಾಯಿಂಟಿನ ನಂತರ ಹುಡುಗ ಏನು ಮಾಡುತ್ತಾನೆ ಅನ್ನೋದು ಕತ್ತರಿಸದ ವಿಡಿಯೋದಲ್ಲಿ ಮಾತ್ರ ಕಾಣುತ್ತದೆ.

ಈಜಿನಲ್ಲಿ ಅಂಕಿ ಇನ್ನೂ ನೇರ, ಸಮಯ ಸುಳ್ಳು ಹೇಳದು. ಆದರೂ ಒಂದು ತೊಡಕಿದೆ. ನಮ್ಮ ಮಕ್ಕಳ ಸಮಯ 50 ಮೀಟರ್ ಕೊಳದ್ದು. ಅಮೆರಿಕದ ಕಾಲೇಜು ಈಜು ನಡೆಯೋದು 25 ಗಜದ ಕೊಳದಲ್ಲಿ, ಅಂದರೆ 23 ಮೀಟರಿಗಿಂತ ಚೂರು ಕಡಿಮೆ. ನಮ್ಮಲ್ಲಿ 100 ಮೀಟರಿಗೆ ಒಂದೇ ಸಲ ಗೋಡೆ ಮುಟ್ಟಿ ತಿರುಗಬೇಕು, ಅಲ್ಲಿ 100 ಗಜಕ್ಕೆ ಮೂರು ಸಲ. ಗೋಡೆಯಿಂದ ಚಿಮ್ಮಿ ನೀರೊಳಗೇ ಕಾಲು ಬಡಿಯುತ್ತಾ ಸಾಗುವುದರಲ್ಲಿ ಗಟ್ಟಿಗರಾದವರಿಗೆ ಅಲ್ಲಿ ಲಾಭ. ಸಮಯವನ್ನು ಮೀಟರಿನಿಂದ ಗಜಕ್ಕೆ ಪರಿವರ್ತಿಸುವ ಸೂತ್ರಗಳಿವೆ. ಆದರೆ ಅವು ಎಲ್ಲರಿಗೂ ಒಂದೇ ಲೆಕ್ಕ ಹಾಕುತ್ತವೆ. ಟರ್ನ್ ಚೆನ್ನಾಗಿರುವ ಮಗು ಸೂತ್ರ ತೋರಿಸೋದಕ್ಕಿಂತ ವೇಗವಾಗಿ ಈಜಬಹುದು, ಅದನ್ನು ನೀರೊಳಗಿನ ವಿಡಿಯೋ ಇಟ್ಟು ಹೇಳಬೇಕು. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನಾಲ್ಕು ವೈಯಕ್ತಿಕ ಚಿನ್ನ ಗೆದ್ದ ಫ್ರಾನ್ಸಿನ ಲಿಯೋಂ ಮಾರ್ಷಾಂ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ್ದೂ ಕೋಚ್ ಬಾಬ್ ಬೋಮನ್‌ಗೆ ತಾವೇ ಇಮೇಲ್ ಬರೆದು. ಬೋಮನ್ ಅಂದರೆ ಮೈಕೆಲ್ ಫೆಲ್ಪ್ಸ್‌ರನ್ನು ತಯಾರು ಮಾಡಿದವರು.

ಇನ್ನು ನಮ್ಮವರು ಜಾಸ್ತಿ ಎಡವುವ ವಿಷಯ: ಗಡಿಯಾರ, ಅಂದರೆ ಶಾಲೆ ಮುಗಿಸಿ ಎಷ್ಟು ಬೇಗ ಕಾಲೇಜು ಸೇರಬೇಕು ಅನ್ನೋ ಲೆಕ್ಕ. ಇದಕ್ಕೆ ಹಳೇ ಇತಿಹಾಸವಿದೆ. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯ ಕರಿಯರ ಶಿಕ್ಷಣಕ್ಕೆ ಹೆಸರಾದದ್ದು. ಟ್ರಿನಿಡಾಡಿನ ಲಿಂಕನ್ ಫಿಲಿಪ್ಸ್ ಆಗ ಅಲ್ಲಿ ಸಾಕರ್ (ನಾವು ಫುಟ್‌ಬಾಲ್ ಅನ್ನುವ ಆಟ) ಕೋಚ್. ಕೆರಿಬಿಯನ್ ಮತ್ತು ಆಫ್ರಿಕಾದ ಹುಡುಗರ ತಂಡ ಕಟ್ಟಿ 1971ರ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಎನ್‌ಸಿಎಎ ಆ ಪ್ರಶಸ್ತಿಯನ್ನು ಕಿತ್ತುಕೊಂಡಿತು. ಅದರ ಕೈಯಲ್ಲಿದ್ದ ಅಸ್ತ್ರಗಳಲ್ಲಿ ಒಂದು ವಿದೇಶಿಯರ ನಿಯಮ: 19 ತುಂಬಿದ ಮೇಲೆ ಹೊರದೇಶದಲ್ಲಿ ತಂಡಕ್ಕೆ ಆಡಿದ ಪ್ರತಿ ವರ್ಷವನ್ನೂ ಕಾಲೇಜಿನಲ್ಲಿ ಆಡಿದ ವರ್ಷವೆಂದೇ ಲೆಕ್ಕ ಹಿಡಿಯಬೇಕು. ಅಮೆರಿಕದ ಹುಡುಗರಿಗೆ ಈ ನಿಯಮ ಇರಲಿಲ್ಲ. ಹೋವರ್ಡ್ ಕೋರ್ಟಿಗೆ ಹೋಯಿತು. 1974ರಲ್ಲಿ ಒಂದೂ ಪಂದ್ಯ ಸೋಲದೆ ಮತ್ತೆ ಪ್ರಶಸ್ತಿ ಗೆದ್ದು ಮೈದಾನದಲ್ಲಿ ಉತ್ತರ ಕೊಟ್ಟಿತು. ವಿದೇಶಿಯರಿಗೆ ಮಾತ್ರ ಅನ್ವಯಿಸುವ ಆ ನಿಯಮ ಸಂವಿಧಾನಕ್ಕೆ ವಿರುದ್ಧ ಅಂದ ತೀರ್ಪನ್ನು ಮೇಲಿನ ಕೋರ್ಟು 1975ರಲ್ಲಿ ಎತ್ತಿಹಿಡಿಯಿತು.

ಆದರೆ ಅದರ ಹಿಂದಿನ ಆತಂಕ ಹೋಗಲಿಲ್ಲ: ವಯಸ್ಸಾದ, ಪಳಗಿದ ವಿದೇಶಿಯರು ಬಂದು ನಮ್ಮ ಮಕ್ಕಳನ್ನು ಸೋಲಿಸುತ್ತಾರೆ ಅನ್ನೋದು. 1978ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕೀನ್ಯಾ ವಿದ್ಯಾರ್ಥಿ ಹೆನ್ರಿ ರೋನೊ 81 ದಿನಗಳಲ್ಲಿ ನಾಲ್ಕು ವಿಶ್ವದಾಖಲೆ ಮುರಿದಾಗ ಅದು ಇನ್ನೂ ಜೋರಾಯಿತು. ಈಗ ನಿಯಮ ಎಲ್ಲರಿಗೂ ಒಂದೇ ಅಂತ ಬರೆದಿದ್ದಾರೆ. ಅಲ್ಲಿನ ಹೈಸ್ಕೂಲು (ನಮ್ಮ ಲೆಕ್ಕದಲ್ಲಿ ಪಿಯುಸಿ) ಮುಗಿದ ಮೇಲೆ ಇಂತಿಷ್ಟು ಸಮಯದೊಳಗೆ ಕಾಲೇಜು ಸೇರಬೇಕು. ಆಮೇಲೂ ಟೂರ್ನಿ ಆಡುತ್ತಿದ್ದರೆ ಕಾಲೇಜಿನಲ್ಲಿ ಆಡಲು ಸಿಗುವ ನಾಲ್ಕು ವರ್ಷಗಳಲ್ಲಿ ಒಂದೊಂದೇ ವರ್ಷಕ್ಕೆ ಕತ್ತರಿ ಬೀಳುತ್ತದೆ. ಡಿವಿಷನ್ ಒಂದರಲ್ಲಿ ಬಹುಪಾಲು ಆಟಗಳಿಗೆ ಈ ಅವಧಿ ಒಂದು ವರ್ಷ, ಟೆನಿಸ್‌ಗೆ ಆರೇ ತಿಂಗಳು ಅನ್ನೋದು ಬಹಳ ಕಾಲದಿಂದ ಇರುವ ಲೆಕ್ಕ. ಕೋರ್ಟು ಕೇಸುಗಳ ಒತ್ತಡದಲ್ಲಿ ನಿಯಮಗಳು ಪದೇ ಪದೇ ಬದಲಾಗುತ್ತಿರುವುದರಿಂದ ಸೇರುವ ವರ್ಷದ ನಿಯಮಪುಸ್ತಕವನ್ನೇ ನೋಡಬೇಕು.

ನಮ್ಮ ಮನೆಗಳಲ್ಲಿ ಏನಾಗುತ್ತದೆ ಗೊತ್ತಲ್ಲ? ಮಾರ್ಚಿನಲ್ಲಿ ಸೆಕೆಂಡ್ ಪಿಯುಸಿ ಪರೀಕ್ಷೆ. ಎರಡು ವರ್ಷ ಟ್ಯೂಷನ್ ಅಂತ ಆಟ ಹಿಂದೆ ಬಿದ್ದಿರುತ್ತದೆ. "ಒಂದು ವರ್ಷ ಗ್ಯಾಪ್ ತಗೊಳ್ಳಲಿ, ಚೆನ್ನಾಗಿ ಟೂರ್ನಿ ಆಡಲಿ, ಆಮೇಲೆ ಅಮೆರಿಕ ನೋಡೋಣ" ಅಂತ ಅಪ್ಪ ಹೇಳುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮುಂದಿನ ವರ್ಷದ ಆಗಸ್ಟಿಗೆ ಆ ಹುಡುಗಿ ಸೇರುವಾಗ ಗಡಿಯಾರ ಎಷ್ಟೋ ಓಡಿರುತ್ತದೆ.

ಮಾರ್ಕ್ಸ್ ಕತೆಯೂ ಹೀಗೇ ಬೇಗ ಶುರುವಾಗುತ್ತದೆ. ಎನ್‌ಸಿಎಎ ನೋಡೋದು ಒಂಬತ್ತನೇ ತರಗತಿಯಿಂದ. ಡಿವಿಷನ್ ಒಂದಕ್ಕೆ 16 ಮುಖ್ಯ ಕೋರ್ಸ್‌ಗಳು, ಅವುಗಳಲ್ಲಿ ಕನಿಷ್ಠ 2.3 ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ. ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು ವರ್ಷ, ವಿಜ್ಞಾನ ಎರಡು, ಸಮಾಜ ಎರಡು, ಹೀಗೆ ಲೆಕ್ಕ. ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆ ಬೇಕೆಂಬ ಷರತ್ತನ್ನು 2023ರ ಜನವರಿಯಲ್ಲಿ ಎನ್‌ಸಿಎಎ ತೆಗೆದುಹಾಕಿತು, ಆದರೆ ಕಾಲೇಜುಗಳು ತಮ್ಮ ಪ್ರವೇಶಕ್ಕೆ ಕೇಳಬಹುದು. 2.3 ಅಂದರೆ ಭಯಪಡುವ ಸಂಖ್ಯೆ ಅಲ್ಲ. ತೊಂದರೆ ಬರೋದು ವಿಷಯಗಳ ಆಯ್ಕೆಯಲ್ಲಿ. ಒಂಬತ್ತು, ಹತ್ತರಲ್ಲಿ ಗಣಿತ ಎರಡು ವರ್ಷ ಆಯಿತು. ಮೂರನೆಯದು ಪಿಯುಸಿಯಿಂದ ಬರಬೇಕು. ಪ್ರಾಕ್ಟೀಸಿಗೆ ಸಮಯ ಸಿಗಲಿ ಅಂತ ಗಣಿತವಿಲ್ಲದ ಕಾಮರ್ಸ್ ಅಥವಾ ಆರ್ಟ್ಸ್ ತಗೊಳ್ಳುವ ಮಕ್ಕಳು ನಮ್ಮಲ್ಲಿ ಬಹಳ. ಅವರು ಸೇರುವ ಮುಂಚೆಯೇ ಎನ್‌ಸಿಎಎ ಅರ್ಹತಾ ಕೇಂದ್ರದ ಲೆಕ್ಕ ನೋಡಿಕೊಳ್ಳೋದು ಒಳ್ಳೇದು.

ಏಜೆನ್ಸಿಗಳ ಬಗ್ಗೆ ಎರಡೇ ಮಾತು. ಕಾಲೇಜು ಹುಡುಕಿಕೊಡುತ್ತೇವೆ ಅಂತ ಲಕ್ಷಗಟ್ಟಲೆ ಕೇಳುವವರಿದ್ದಾರೆ, ಕೆಲವರು ನಿಜಕ್ಕೂ ಕೆಲಸ ಬಲ್ಲವರು. ಆದರೆ ಫೀಸು ಮೊದಲೇ ನಿಗದಿಯಾಗಿರಬೇಕು. "ಸ್ಕಾಲರ್‌ಶಿಪ್ ಸಿಕ್ಕರೆ ಅದರಲ್ಲಿ ಇಷ್ಟು ಪರ್ಸೆಂಟ್" ಅಂತ ಒಪ್ಪಂದ ಮಾಡಿಕೊಂಡರೆ ಎನ್‌ಸಿಎಎ ಕಣ್ಣಿಗೆ ಅವರು ಏಜೆಂಟ್ ಆಗುತ್ತಾರೆ, ಮಗುವಿನ ಅರ್ಹತೆಗೇ ಕುತ್ತು. "ಗ್ಯಾರಂಟಿ" ಅನ್ನೋ ಪದ ಕೇಳಿದರೆ ಎದ್ದು ಬನ್ನಿ. ಸೀಟು ಕೊಡುವವರು ಕೋಚ್, ಪ್ರವೇಶ ಕೊಡುವವರು ಕಾಲೇಜು, ವೀಸಾ ಕೊಡುವವರು ಕಾನ್ಸುಲೇಟ್. ನಡುವೆ ಇನ್ಯಾರ ಕೈಲೂ ಗ್ಯಾರಂಟಿ ಇಲ್ಲ.

'ಫುಲ್ ಸ್ಕಾಲರ್‌ಶಿಪ್' ಅನ್ನೋ ಮಾತನ್ನೂ ಬಿಡಿಸಿ ನೋಡಬೇಕು. ಖಾಸಗಿ ಕಾಲೇಜುಗಳಲ್ಲಿ ಊಟ, ವಸತಿ ಸೇರಿ ವರ್ಷಕ್ಕೆ 80,000 ಡಾಲರ್ ದಾಟುವುದು ಈಗ ಸಾಮಾನ್ಯ. ಅರ್ಧ ಸ್ಕಾಲರ್‌ಶಿಪ್ ಸಿಕ್ಕರೂ ಮಿಕ್ಕ ಅರ್ಧ 35 ಲಕ್ಷ ರೂಪಾಯಿ! ಮೊದಲ ವರ್ಷದ ಖರ್ಚಿಗೆ ದುಡ್ಡಿದೆ ಅಂತ ತೋರಿಸದೆ ವೀಸಾಕ್ಕೆ ಬೇಕಾದ ಐ-20 ಪತ್ರ ಬರೋದಿಲ್ಲ. ಸ್ಕಾಲರ್‌ಶಿಪ್‌ನಲ್ಲಿ ಊಟ ವಸತಿಗೆ ಬರುವ ಪಾಲಿಗೆ ತೆರಿಗೆ ಹಿಡಿಯುತ್ತಾರೆ ಅನ್ನೋದು ಬಹಳ ಜನರಿಗೆ ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತದೆ.

ಹಾರ್ವರ್ಡ್, ಯೇಲ್, ಕೊಲಂಬಿಯಾದಂಥ ಐವಿ ಲೀಗ್ ಕಾಲೇಜುಗಳದ್ದು ಬೇರೆಯೇ ದಾರಿ. ಆಟಕ್ಕೆ ಅಂತ ಅವು ಒಂದು ಡಾಲರನ್ನೂ ಕೊಡೋದಿಲ್ಲ, ಮನೆಯ ಆದಾಯ ನೋಡಿ ನೆರವು ಕೊಡುತ್ತವೆ. ಅಲ್ಲಿ ಆಟದಿಂದ ಸಿಗೋದು ಪ್ರವೇಶ. ಕೋಚ್ ಶಿಫಾರಸು ಮಾಡಿದ ಕೆಲವೇ ಹೆಸರುಗಳನ್ನು ಪ್ರವೇಶ ಕಚೇರಿ ಬೇರೆ ಕಣ್ಣಿನಿಂದ ನೋಡುತ್ತದೆ. ಆ ಶಿಫಾರಸಿಗೆ ಎಂಥ ಬೆಲೆ ಅನ್ನೋದು ಜಗತ್ತಿಗೆ ತಿಳಿದದ್ದು 2019ರ ಹಗರಣದಲ್ಲಿ. ರಿಕ್ ಸಿಂಗರ್ ಅನ್ನುವ ದಲ್ಲಾಳಿ ಶ್ರೀಮಂತರ ಮಕ್ಕಳನ್ನು ಆಡದ ಆಟದ ಆಟಗಾರರೆಂದು ತೋರಿಸಿ, ಕೋಚ್‌ಗಳಿಗೆ ಲಂಚ ಕೊಟ್ಟು ಸೀಟು ಕೊಡಿಸಿದ್ದ. ಭಾರತದ ಸ್ಕ್ವಾಷ್ ಆಟಗಾರರಿಗೆ ನಿಜವಾದ ದಾರಿಯಲ್ಲೇ ಈ ಬಾಗಿಲು ತೆರೆದಿದೆ. ರಮಿತ್ ಟಂಡನ್, ವೇಲವನ್ ಸೆಂಥಿಲ್‌ಕುಮಾರ್ ಇಬ್ಬರೂ ಕೊಲಂಬಿಯಾದಲ್ಲಿ ಓದಿ ಆಡಿದವರು. ಕನೆಟಿಕಟ್‌ನ ಟ್ರಿನಿಟಿ ಎಂಬ ಪುಟ್ಟ ಕಾಲೇಜು ಭಾರತವೂ ಸೇರಿ ಹಲವು ದೇಶಗಳಿಂದ ಹುಡುಗರನ್ನು ಕರೆತಂದು, 1998ರಿಂದ 2012ರವರೆಗೆ ಸತತ 252 ಸ್ಕ್ವಾಷ್ ಪಂದ್ಯ ಗೆದ್ದಿತ್ತು.

ಈಗ 2025ರಲ್ಲಿ ಆದ ದೊಡ್ಡ ಬದಲಾವಣೆಗೆ ಬರೋಣ. ಕಾಲೇಜು ಆಟಗಾರರು ಹವ್ಯಾಸಿಗಳು, ದುಡ್ಡು ಮುಟ್ಟಬಾರದು ಅನ್ನೋ ಕಾಲ ಮುಗಿದಿದೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸುವ ಜಾಹೀರಾತಿಗೆ ಹಣ ಪಡೆಯಬಹುದು. ಇದನ್ನು ಎನ್‌ಐಎಲ್ ಅನ್ನುತ್ತಾರೆ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲೌಡಿಯಾ ವಿಲ್ಕೆನ್, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಕೇಸಿನ ರಾಜಿಯಾದ 'ಹೌಸ್' ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಈಗ ಕಾಲೇಜೇ ನೇರವಾಗಿ ಆಟಗಾರರಿಗೆ ಹಣ ಹಂಚಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ.

ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಯಿತು, ಬದಲಿಗೆ ತಂಡದ ಗಾತ್ರಕ್ಕೆ ಮಿತಿ ಬಂತು. ಪುರುಷರ ಟೆನಿಸ್‌ನಲ್ಲಿ 10 ಜನ, ಬೇಕಾದರೆ ಹತ್ತೂ ಜನಕ್ಕೆ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು. ಕಾಗದದ ಮೇಲೆ 4.5 ಇದ್ದದ್ದು 10 ಆಯಿತು, ಒಳ್ಳೇದೇ ಅಲ್ವಾ? ಕೊಡಲು ದುಡ್ಡು ಇದ್ದರೆ. ಹಂಚುವ ಹಣದ ಸಿಂಹಪಾಲು ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ ಹೋಗುತ್ತದೆ. ಅದನ್ನು ಹೊಂದಿಸಲು ಕತ್ತರಿ ಬೀಳೋದು ಟಿವಿಯಲ್ಲಿ ಬಾರದ ಆಟಗಳಿಗೆ, ಅಂದರೆ ವಿದೇಶಿಯರು ತುಂಬಿರುವ ಆಟಗಳಿಗೇ. ಒಪ್ಪಂದ ಅಂತಿಮವಾಗುವ ಮುಂಚೆಯೇ, 2025ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ತನ್ನ ಈಜು ತಂಡಗಳನ್ನು ಮುಚ್ಚಿತು. ಜೊತೆಗೆ ಟ್ರಾನ್ಸ್‌ಫರ್ ನಿಯಮ ಸಡಿಲವಾಗಿ, ಒಂದು ಕಾಲೇಜಿನಲ್ಲಿ ಪಳಗಿದವರು ಇನ್ನೊಂದಕ್ಕೆ ಸಲೀಸಾಗಿ ಹಾರುತ್ತಾರೆ. ಹತ್ತು ಜಾಗದಲ್ಲಿ ಹೊಸಬರಿಗೆ ಉಳಿಯೋದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ವಿದೇಶಿಯರಿಗೆ ಇನ್ನೊಂದು ಕಗ್ಗಂಟು ವೀಸಾದ್ದು. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಕ್ಯಾಂಪಸ್ಸಿನ ಹೊರಗೆ ಮನಸ್ಸಿಗೆ ಬಂದಂತೆ ಕೆಲಸ ಮಾಡುವ ಹಾಗಿಲ್ಲ. ಜಾಹೀರಾತಿನ ಶೂಟಿಂಗ್ ಕೆಲಸವೇ? ಟೀ ಶರ್ಟ್ ಮಾರಾಟದ ಪಾಲು ಕೆಲಸವೇ, ರಾಯಲ್ಟಿಯೇ? ವಕೀಲರಿಗೆ ಸುಗ್ಗಿ. ಕಾಂಗೋದ ಆಸ್ಕರ್ ಶಿಬ್ವೇ ಕೆಂಟಕಿಯಲ್ಲಿ ಆಡಿ 2022ರಲ್ಲಿ ಅಮೆರಿಕದ ಅತ್ಯುತ್ತಮ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರ ಅನ್ನಿಸಿಕೊಂಡರು. ಜೊತೆಯವರು ಅಲ್ಲೇ ದುಡ್ಡು ಮಾಡುತ್ತಿದ್ದರೆ, ಅವರು ಆ ಆಗಸ್ಟಿನಲ್ಲಿ ತಂಡ ಬಹಾಮಾಸ್‌ಗೆ ಹೋಗುವವರೆಗೆ ಕಾದರು. ಅಮೆರಿಕದ ನೆಲ ದಾಟಿದ ಮೇಲೆ ಫೋಟೋ, ಸಹಿ ಎಲ್ಲ ಅಲ್ಲಿ ಮುಗಿಸಿದರು. ದೇಶದ ಅತ್ಯುತ್ತಮ ಆಟಗಾರ ಸಹಿ ಹಾಕಿ ದುಡ್ಡು ಪಡೆಯಲು ಸಮುದ್ರ ದಾಟಬೇಕಾಯಿತು!

ನಿಯಮಗಳು ಎಷ್ಟು ಎಡವಟ್ಟು ಅನ್ನೋದಕ್ಕೆ ಇನ್ನೆರಡು ಉದಾಹರಣೆ ಸಾಕು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಟೆನಿಸ್ ಆಟಗಾರ್ತಿ ರೀಸ್ ಬ್ರಾಂಟ್‌ಮೈಯರ್ 2021ರ ಯುಎಸ್ ಓಪನ್‌ನಲ್ಲಿ ಸುಮಾರು 49,000 ಡಾಲರ್ ಗೆದ್ದಿದ್ದರು. ಕಾಲೇಜಿಗೆ ಮುಂಚೆ ವರ್ಷಕ್ಕೆ 10,000 ಡಾಲರ್ ಮತ್ತು ಖರ್ಚಿಗಿಂತ ಹೆಚ್ಚು ಬಹುಮಾನ ಇಟ್ಟುಕೊಳ್ಳಬಾರದು ಅನ್ನೋ ಆಗಿನ ನಿಯಮದಿಂದ ಬಹುಪಾಲು ಬಿಡಬೇಕಾಯಿತು. 2024ರಲ್ಲಿ ಅವರು ಕೋರ್ಟಿಗೆ ಹೋದರು. ಇತ್ತ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನಿಂದ ಬಂದ ರಷ್ಯಾದ ಯೆಗೋರ್ ಡ್ಯೋಮಿನ್ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿ, 2025ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ ಎಂಟನೆಯವರಾಗಿ ಆಯ್ಕೆಯಾದರು. ಯುರೋಪಿನ ವೃತ್ತಿಪರ ಕ್ಲಬ್ಬುಗಳ ಹುಡುಗರಿಗೆ ಈಗ ಅಮೆರಿಕದ ಕಾಲೇಜೇ ಜಾಸ್ತಿ ಸಂಬಳ ಕೊಡುವ ಜಾಗ. ದುಡ್ಡು ತರುವ ಆಟಕ್ಕೆ ಬಾಗಿಲು ಅಗಲ, ತಾರದ ಆಟಕ್ಕೆ ಕಿರಿದು.

ರಾಜಕೀಯದ ನೆರಳೂ ಇದೆ. 2025ರ ಏಪ್ರಿಲ್ 5ರಂದು ಅಮೆರಿಕದ ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ ದಕ್ಷಿಣ ಸುಡಾನ್ ಪಾಸ್‌ಪೋರ್ಟಿನವರ ಎಲ್ಲ ವೀಸಾ ರದ್ದು ಅಂತ ಪ್ರಕಟಿಸಿದರು. ಅದೇ ದಿನ ಡ್ಯೂಕ್ ವಿಶ್ವವಿದ್ಯಾಲಯ ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್ ಆಡುತ್ತಿತ್ತು, ತಂಡದಲ್ಲಿ ದಕ್ಷಿಣ ಸುಡಾನಿನ ಖಮಾನ್ ಮಲುವಾಚ್ ಇದ್ದರು. ಅವರು ಜೂನಿನಲ್ಲಿ ಎನ್‌ಬಿಎಗೆ ಆಯ್ಕೆಯಾದರು, ಸರಿ. ಹೆಸರಿಲ್ಲದ ಓಟಗಾರ್ತಿಗೆ ಹೀಗಾದರೆ? ಅದೇ ವರ್ಷ ಮೇ ಕೊನೆಯಿಂದ ಜೂನ್ ನಡುವಿನವರೆಗೆ ವಿದ್ಯಾರ್ಥಿ ವೀಸಾ ಸಂದರ್ಶನಕ್ಕೆ ಹೊಸ ದಿನಾಂಕ ಕೊಡುವುದನ್ನೇ ನಿಲ್ಲಿಸಿದ್ದರು. ಕಾಲೇಜು ಶುರುವಾಗೋದು ಆಗಸ್ಟಿನಲ್ಲಿ. ಹೀಗೆ ವೀಸಾ ತಡವಾಗುವ ಅಪಾಯವನ್ನೂ ಕೋಚ್ ತಮ್ಮ ಲೆಕ್ಕಕ್ಕೆ ಸೇರಿಸದೆ ಇರುತ್ತಾರೆಯೇ?

ಕರ್ನಾಟಕದ ಮಟ್ಟಿಗೆ ಒಂದು ಮಾತು. ನಮ್ಮ ಮಕ್ಕಳು ಜಾಸ್ತಿ ಆಡುವ ಕ್ರಿಕೆಟ್, ಬ್ಯಾಡ್ಮಿಂಟನ್, ಕಬಡ್ಡಿ ಯಾವುದೂ ಎನ್‌ಸಿಎಎ ಪಟ್ಟಿಯಲ್ಲಿಲ್ಲ. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ 2006ರಲ್ಲಿ ನಾರ್ತ್ ಕೆರೊಲಿನಾ ಪರ ಎನ್‌ಸಿಎಎ ಡಿಸ್ಕಸ್ ಚಾಂಪಿಯನ್ ಆದರು ಅಂತ ನಾವು ಹೆಮ್ಮೆಪಡುತ್ತೇವೆ, ಪಡಬೇಕು ಕೂಡ. ಆದರೆ ಅವರು ಬೆಳೆದದ್ದು ಮೇರಿಲ್ಯಾಂಡಿನಲ್ಲಿ, ಅಲ್ಲಿನ ಹೈಸ್ಕೂಲು ಹುಡುಗನಾಗಿ. ಇಲ್ಲಿಂದ ಹೋಗುವವರಿಗೆ ಹತ್ತಿರದ ಉದಾಹರಣೆ ದೆಹಲಿಯ ತೇಜಸ್ವಿನ್ ಶಂಕರ್, ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಆಡಿ 2018 ಮತ್ತು 2022ರಲ್ಲಿ ಎನ್‌ಸಿಎಎ ಹೈಜಂಪ್ ಗೆದ್ದವರು. ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಟೆನಿಸ್ ಆಡಿದ ಸೋಮದೇವ್ ದೇವವರ್ಮನ್ 2007, 2008ರ ಸಿಂಗಲ್ಸ್ ಚಾಂಪಿಯನ್. ನನಗೆ ಕುತೂಹಲ ಇರೋದು ಕೊಡಗಿನ ಬಗ್ಗೆ. ನಮ್ಮ ಹಾಕಿಯನ್ನು ಅಲ್ಲಿ ಫೀಲ್ಡ್ ಹಾಕಿ ಅನ್ನುತ್ತಾರೆ. ಎನ್‌ಸಿಎಎಯಲ್ಲಿ ಅದು ಮಹಿಳೆಯರಿಗೆ ಮಾತ್ರ ಇರುವ ಆಟ, ಡಚ್ ಮತ್ತು ಜರ್ಮನ್ ಹುಡುಗಿಯರು ಸ್ಕಾಲರ್‌ಶಿಪ್ ಮೇಲೆ ಹೋಗುತ್ತಾರೆ. ಮನೆಮನೆಯಲ್ಲಿ ಸ್ಟಿಕ್ ಇರುವ ಜಿಲ್ಲೆ ನಮ್ಮಲ್ಲಿದೆ. ಅಲ್ಲಿನ ಹೈಸ್ಕೂಲುಗಳಲ್ಲಿ ಈ ದಾರಿಯ ಬಗ್ಗೆ ಯಾರಾದರೂ ಹೇಳುತ್ತಿದ್ದಾರಾ?

ಕೋಚ್ ಉತ್ತರಿಸಿ, ವಿಡಿಯೋ ಕಾಲ್‌ಗೆ ದಿನ ಗೊತ್ತಾಯಿತು ಅನ್ನಿ. ಅಪ್ಪ ಅಮ್ಮ ಪಕ್ಕದಲ್ಲಿ ಕೂರಲಿ, ಮಾತು ಮಗಳೇ ಆಡಲಿ. ಕೋಚ್ ಕ್ಯಾಂಪಸ್ಸಿನ ಚಂದ ಹೇಳುತ್ತಾರೆ, ಕೇಳಿಸಿಕೊಳ್ಳಿ. ಆಮೇಲೆ ಮಗಳು ಕೇಳಬೇಕು: ಮುಂದಿನ ಮೇನಲ್ಲಿ ಎಷ್ಟು ಜನ ಪದವಿ ಮುಗಿಸುತ್ತಾರೆ? ಆ ಜಾಗಕ್ಕೆ ನನ್ನನ್ನು ನೋಡುತ್ತಿದ್ದೀರಾ, ಇಲ್ಲಾ ಬೇರೆ ಕಾಲೇಜಿನಿಂದ ಯಾರಾದರೂ ಬರುತ್ತಿದ್ದಾರಾ? ಸ್ಕಾಲರ್‌ಶಿಪ್ ಪತ್ರ ಒಂದು ವರ್ಷದ್ದೋ ನಾಲ್ಕು ವರ್ಷದ್ದೋ? ಗಾಯವಾದರೆ? ನೀವು ಬೇರೆ ಕಾಲೇಜಿಗೆ ಹೋದರೆ? ಕಾಲೇಜು ನಮ್ಮ ಆಟವನ್ನೇ ಮುಚ್ಚಿದರೆ, ಪದವಿ ಮುಗಿಯುವವರೆಗೆ ಸ್ಕಾಲರ್‌ಶಿಪ್ ಉಳಿಯುತ್ತದಾ? ಬಾಯಿಮಾತಿಗೆ ಅಲ್ಲಿ ಕಾನೂನಿನ ಬೆಲೆ ಇಲ್ಲ. 'ನ್ಯಾಷನಲ್ ಲೆಟರ್ ಆಫ್ ಇಂಟೆಂಟ್' ಅನ್ನೋ ಹಳೇ ಒಪ್ಪಂದ ಪತ್ರವನ್ನೂ 2024ರ ಅಕ್ಟೋಬರಿನಲ್ಲಿ ಕೈಬಿಟ್ಟಿದ್ದಾರೆ. ಈಗ ಕೈಗೆ ಬರೋದು ಕಾಲೇಜಿನ ನೆರವಿನ ಒಪ್ಪಂದವೊಂದೇ. ಹಾಗಾಗಿ ಕೊನೆಯ ಮೂರು ಪ್ರಶ್ನೆಗಳ ಉತ್ತರವನ್ನು ಆ ಪತ್ರದಲ್ಲೇ ಬರೆಸಿಕೊಳ್ಳಿ, ಆಗದಿದ್ದರೆ ಕಡೇಪಕ್ಷ ಇಮೇಲ್‌ನಲ್ಲಾದರೂ ಕೇಳಿ ಇಟ್ಟುಕೊಳ್ಳಿ.